ಕೌನ್ಸಿಲ್ ಟ್ಯಾಕ್ಸ್ ರಿಯಾಯಿತಿ: ಇಂಗ್ಲೆಂಡಿಗೆ ಹೊಸದಾಗಿ ಬಂದ ಕನ್ನಡಿಗರು ಯಾವುದನ್ನು ಕೇಳಬೇಕು, ಯಾವುದನ್ನು ಕೇಳಬಾರದು

ನಮ್ಮ ಊರುಗಳಲ್ಲಿ ಆಸ್ತಿ ತೆರಿಗೆ ಮನೆಯ ಮಾಲೀಕರ ಚಿಂತೆ. ಖಾತೆ ಯಾರ ಹೆಸರಿನಲ್ಲಿದೆಯೋ ಅವರು ಕಟ್ಟುತ್ತಾರೆ. ಬಾಡಿಗೆಗೆ ಇರುವವರು ಆ ರಸೀದಿಯ ಮುಖವನ್ನೂ ನೋಡಿರುವುದಿಲ್ಲ. ಇಂಗ್ಲೆಂಡಿನಲ್ಲಿ ಹಾಗಲ್ಲ. 1993ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಕೌನ್ಸಿಲ್ ಟ್ಯಾಕ್ಸ್ ಅನ್ನು ಸಾಮಾನ್ಯವಾಗಿ ಮನೆಯಲ್ಲಿ ವಾಸಿಸುವವರೇ ಕಟ್ಟಬೇಕಾಗಿರುವುದರಿಂದ, ಬಾಡಿಗೆ, ಮುಂಗಡ, ವಿದ್ಯುತ್ತು ಎಂದು ಲೆಕ್ಕ ಹಾಕಿಕೊಂಡು ಬಂದ ಹೊಸ ಸಂಸಾರಕ್ಕೆ ಕೆಲವೇ ವಾರಗಳಲ್ಲಿ ಸ್ಥಳೀಯ ಆಡಳಿತವಾದ ಕೌನ್ಸಿಲ್‌ನಿಂದ ಬರುವ ಬಿಲ್ಲು ಅನಿರೀಕ್ಷಿತ ಹೊರೆಯಾಗುತ್ತದೆ. ಹೊರೆ ಸಣ್ಣದೂ ಅಲ್ಲ: 2025-26ರ ಸಾಲಿನಲ್ಲಿ ಇಂಗ್ಲೆಂಡಿನ ‘ಬ್ಯಾಂಡ್ ಡಿ’ (ಮನೆಯ ಬೆಲೆಯ ಆಧಾರದ ಮೇಲೆ ಮಾಡಿದ ತೆರಿಗೆ ವರ್ಗಗಳಲ್ಲಿ ಒಂದು) ಮನೆಗಳ ಸರಾಸರಿ ತೆರಿಗೆ ವರ್ಷಕ್ಕೆ 2,280 ಪೌಂಡ್ ಇತ್ತು. ಲಂಡನ್ನಿನ ವಾಂಡ್ಸ್‌ವರ್ತ್ ಮತ್ತು ವೆಸ್ಟ್‌ಮಿನ್‌ಸ್ಟರ್‌ಗಳಲ್ಲಿ ಇದು ಸಾವಿರ ಪೌಂಡ್‌ನ ಆಸುಪಾಸಿನಲ್ಲಿದ್ದರೆ, ನಾಟಿಂಗ್‌ಹ್ಯಾಮ್‌ನಲ್ಲಿ ಎರಡೂವರೆ ಸಾವಿರವನ್ನು ದಾಟುತ್ತದೆ. ಆದುದರಿಂದ ಮನೆ ಹುಡುಕುವಾಗ ಬಾಡಿಗೆಯ ಜೊತೆಗೆ ಆ ಮನೆಯ ಬ್ಯಾಂಡ್ ಯಾವುದೆಂದು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಹೊಸದಾಗಿ ವಲಸೆ ಬಂದವರಿಗೆಂದೇ ಈ ತೆರಿಗೆಯಲ್ಲಿ ವಿಶೇಷ ರಿಯಾಯಿತಿ ಇದೆಯೇ ಎಂದು ಅನೇಕರು ಕೇಳುತ್ತಾರೆ. ಇಸ್ರೇಲಿನಲ್ಲಿ ಅರ್ನೋನಾ ಎಂಬ ಸ್ಥಳೀಯ ತೆರಿಗೆಯಲ್ಲಿ ವಲಸಿಗ ಪೌರತ್ವ ಪಡೆದು ಬರುವವರಿಗೆ ಅಂಥ ವಿನಾಯಿತಿ ಇದೆ. ಇಂಗ್ಲೆಂಡಿನಲ್ಲಿ ಹಾಗೆ ಹೊಸಬರ ಹೆಸರಿನ ರಿಯಾಯಿತಿ ಯಾವುದೂ ಇಲ್ಲ. ನೀವು ಯಾವ ದೇಶದವರು, ಬಂದು ಎಷ್ಟು ದಿನವಾಯಿತು ಎಂಬುದನ್ನು ನೋಡದೆ, ಮನೆಯಲ್ಲಿ ಯಾರು ಯಾರು ಇದ್ದಾರೆ, ಅವರು ಏನು ಮಾಡುತ್ತಿದ್ದಾರೆ ಎಂಬುದರ ಮೇಲೆ ಇಲ್ಲಿನ ರಿಯಾಯಿತಿಗಳು ನಿಂತಿವೆ. ಹೊಸಬರ ಮನೆಗಳಲ್ಲಿ ವಿದ್ಯಾರ್ಥಿಗಳೂ ಒಬ್ಬಂಟಿಗರೂ ಹೆಚ್ಚಾಗಿ ಇರುವುದರಿಂದ, ಗೊತ್ತಿದ್ದವರಿಗೆ ಇವು ಚೆನ್ನಾಗಿಯೇ ಒದಗುತ್ತವೆ.

ಮೊದಲು ಎಚ್ಚರಿಕೆಯ ಮಾತನ್ನು ಹೇಳಿಬಿಡುತ್ತೇನೆ, ಏಕೆಂದರೆ ಇಲ್ಲಿ ತಪ್ಪಿದರೆ ನಷ್ಟ ದುಡ್ಡಿನದಷ್ಟೇ ಆಗಿರುವುದಿಲ್ಲ. ಕೆಲಸದ ವೀಸಾ, ವಿದ್ಯಾರ್ಥಿ ವೀಸಾ ಮತ್ತು ಅವಲಂಬಿತರ ವೀಸಾಗಳಲ್ಲಿ ಬರುವ ನಮ್ಮವರಲ್ಲಿ ಬಹುಪಾಲು ಜನರ ಅನುಮತಿಗೆ ‘ನೋ ಪಬ್ಲಿಕ್ ಫಂಡ್ಸ್’ ಎಂಬ ಷರತ್ತು ಅಂಟಿಕೊಂಡಿರುತ್ತದೆ. ಅಂದರೆ ಸರ್ಕಾರದ ಪಟ್ಟಿಯಲ್ಲಿರುವ ಕೆಲವು ಸಹಾಯಧನಗಳನ್ನು ನೀವು ಪಡೆಯುವಂತಿಲ್ಲ. ಕಡಿಮೆ ಆದಾಯದವರಿಗಾಗಿ ಪ್ರತಿ ಕೌನ್ಸಿಲ್ ನಡೆಸುವ ‘ಕೌನ್ಸಿಲ್ ಟ್ಯಾಕ್ಸ್ ರಿಡಕ್ಷನ್’ ಯೋಜನೆ ಆ ಪಟ್ಟಿಯಲ್ಲಿದೆ. ಕೆಲವು ಕೌನ್ಸಿಲ್‌ಗಳು ಇದನ್ನೇ ‘ಕೌನ್ಸಿಲ್ ಟ್ಯಾಕ್ಸ್ ಸಪೋರ್ಟ್’ ಎಂದು ಕರೆಯುತ್ತವೆ. ಕೆಲಸ ಹೋಗಿದೆ, ಸಂಬಳ ಸಾಲುತ್ತಿಲ್ಲ ಎಂದು ಈ ಷರತ್ತಿನಡಿ ಇರುವವರು ಅದಕ್ಕೆ ಅರ್ಜಿ ಹಾಕಿ ಹಣ ಪಡೆದರೆ, ಅದು ವೀಸಾ ಷರತ್ತಿನ ಉಲ್ಲಂಘನೆಯಾಗಿ ಮುಂದಿನ ನವೀಕರಣಕ್ಕೂ ಕಾಯಂ ನೆಲೆಸುವ ಅನುಮತಿಗೂ ಅಡ್ಡ ಬರಬಹುದು. ಇದಕ್ಕೆ ವ್ಯತಿರಿಕ್ತವಾಗಿ, ಒಬ್ಬರೇ ಇರುವ ಮನೆಯ ರಿಯಾಯಿತಿ, ವಿದ್ಯಾರ್ಥಿಗಳ ವಿನಾಯಿತಿ, ಅಂಗವಿಕಲರ ಅನುಕೂಲಕ್ಕಾಗಿ ಮಾರ್ಪಟ್ಟ ಮನೆಗೆ ಸಿಗುವ ಇಳಿಕೆ, ಇವು ಯಾವುವೂ ಸಹಾಯಧನಗಳಲ್ಲ. ತೆರಿಗೆಯ ಲೆಕ್ಕ ಹಾಕುವ ಕ್ರಮದ ಭಾಗಗಳು. ಇವನ್ನು ಕೇಳಲು ನಿಮ್ಮ ವೀಸಾ ಯಾವ ಅಡ್ಡಿಯನ್ನೂ ಮಾಡುವುದಿಲ್ಲ. ಭಯದಿಂದ ಇವನ್ನೂ ಬಿಟ್ಟುಬಿಡುವವರು, ತಿಳಿಯದೆ ರಿಡಕ್ಷನ್ ಯೋಜನೆಗೂ ಅರ್ಜಿ ಹಾಕುವವರು, ಇಬ್ಬರೂ ನಮ್ಮಲ್ಲಿ ಇದ್ದಾರೆ. ಕೌನ್ಸಿಲ್‌ನ ಜಾಲತಾಣದಲ್ಲಿ ಎರಡೂ ಬಗೆಯ ಅರ್ಜಿಗಳು ಅಕ್ಕಪಕ್ಕದಲ್ಲೇ ಇರುತ್ತವೆ. ನಿಮ್ಮ ಆದಾಯ, ಉಳಿತಾಯ, ಸಂಬಳದ ಚೀಟಿ ಕೇಳುವ ಅರ್ಜಿ ಎದುರಾದರೆ ಅಲ್ಲಿಯೇ ನಿಂತು, ಅದು ಯಾವ ಯೋಜನೆಯದೆಂದು ಮತ್ತೊಮ್ಮೆ ಓದಿ.

ಈಗ ಕೇಳಬೇಕಾದವುಗಳ ವಿಚಾರ. ಪೂರ್ತಿ ತೆರಿಗೆಯು ಮನೆಯಲ್ಲಿ ಕನಿಷ್ಠ ಇಬ್ಬರು ವಯಸ್ಕರಿದ್ದಾರೆ ಎಂಬ ಲೆಕ್ಕದ ಮೇಲೆ ನಿಂತಿದೆ. 18 ವರ್ಷ ತುಂಬಿದ ಒಬ್ಬರೇ ಇದ್ದರೆ ಶೇಕಡ 25ರಷ್ಟು ಕಡಿತ ಸಿಗುತ್ತದೆ. ಮೇಲೆ ಹೇಳಿದ ಸರಾಸರಿ ಬಿಲ್ಲಿನಲ್ಲಿ ಅದು 570 ಪೌಂಡ್. ಸಂಸಾರವನ್ನು ಊರಿನಲ್ಲಿ ಬಿಟ್ಟು ಮೊದಲು ತಾವೊಬ್ಬರೇ ಬಂದಿರುವವರು ಇದನ್ನು ಕೇಳಿಯೇ ಪಡೆಯಬೇಕು, ಏಕೆಂದರೆ ಮನೆಯಲ್ಲಿ ಎಷ್ಟು ಜನ ಇದ್ದಾರೆಂದು ಕೌನ್ಸಿಲ್‌ಗೆ ತಾನಾಗಿ ತಿಳಿಯುವುದಿಲ್ಲ. ಮಕ್ಕಳು ಎಷ್ಟೇ ಇದ್ದರೂ ಲೆಕ್ಕಕ್ಕಿಲ್ಲ. ತಂದೆ ತಾಯಿ ಸಂದರ್ಶಕ ವೀಸಾದಲ್ಲಿ ಬಂದು ಕೆಲವು ತಿಂಗಳು ನಿಮ್ಮೊಡನೆ ಇದ್ದು ಹೋದರೆ ರಿಯಾಯಿತಿ ತಪ್ಪುತ್ತದೆಂಬ ಆತಂಕವೂ ಬೇಡ. ಕಾನೂನು ನೋಡುವುದು ಒಬ್ಬರ ಮುಖ್ಯ ವಾಸಸ್ಥಾನ ಯಾವುದೆಂಬುದನ್ನು, ಮತ್ತು ಅವರ ಮುಖ್ಯ ಮನೆ ಹಾಸನದಲ್ಲೋ ಹುಬ್ಬಳ್ಳಿಯಲ್ಲೋ ಇರುತ್ತದೆಯೇ ಹೊರತು ನಿಮ್ಮ ಫ್ಲ್ಯಾಟಿನಲ್ಲಲ್ಲ.

ಆದರೆ ಪತ್ನಿಯೋ ಪತಿಯೋ ಅವಲಂಬಿತ ವೀಸಾದಲ್ಲಿ ಬಂದಿಳಿದ ದಿನದಿಂದ ಪರಿಸ್ಥಿತಿ ಬದಲಾಗುತ್ತದೆ. ಅದನ್ನು 21 ದಿನಗಳೊಳಗೆ ತಿಳಿಸಬೇಕು. ತಿಳಿಸದೆ ಇದ್ದರೆ ಉಳಿಸಿಕೊಂಡ ಹಣವನ್ನು ವಾಪಸು ಕಟ್ಟುವುದರ ಜೊತೆಗೆ 70 ಪೌಂಡ್ ದಂಡವನ್ನೂ ಹಾಕಬಹುದು. ಯಾರಿಗೆ ಗೊತ್ತಾಗುತ್ತದೆ ಎಂದುಕೊಳ್ಳುವವರು ಒಂದು ಸಂಗತಿಯನ್ನು ಗಮನಿಸಬೇಕು. ಕಾಮನ್‌ವೆಲ್ತ್ ಪ್ರಜೆಗಳಾದ್ದರಿಂದ ಇಲ್ಲಿ ವಾಸಿಸುವ ಭಾರತೀಯರಿಗೆ ಮತದಾನದ ಹಕ್ಕಿದೆ, ನಮ್ಮವರು ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸುತ್ತಾರೆ, ಮತ್ತು ಕೌನ್ಸಿಲ್‌ಗಳು ಆ ಪಟ್ಟಿಯನ್ನು ಒಬ್ಬರೇ ಇರುವ ಮನೆಗಳ ಪಟ್ಟಿಯೊಡನೆ ಕಾಲಕಾಲಕ್ಕೆ ತಾಳೆ ನೋಡುತ್ತವೆ. ಅದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ: ದಂಪತಿಗಳು ಒಟ್ಟಿಗೆ ಬಾಳುತ್ತಿದ್ದೇವೆಂದು ವೀಸಾ ಅರ್ಜಿಯಲ್ಲಿ ತೋರಿಸಲು ಇಬ್ಬರ ಹೆಸರಿರುವ ಕೌನ್ಸಿಲ್ ಟ್ಯಾಕ್ಸ್ ಬಿಲ್ಲು ಬಹಳ ಉಪಯುಕ್ತವಾದ ದಾಖಲೆ. ಅದೇ ಅವಧಿಯಲ್ಲಿ ನಾನೊಬ್ಬನೇ ಇದ್ದೇನೆಂದು ರಿಯಾಯಿತಿ ಪಡೆದಿದ್ದರೆ ನಿಮ್ಮ ದಾಖಲೆಯೇ ನಿಮ್ಮ ಮಾತನ್ನು ಅಲ್ಲಗಳೆಯುತ್ತದೆ. ಹೀಗಾಗಿ ಸಂಗಾತಿ ಬಂದ ವಾರದಲ್ಲಿಯೇ ಅವರ ಹೆಸರನ್ನೂ ಖಾತೆಗೆ ಸೇರಿಸಲು ಹೇಳಿ.

ವಿದ್ಯಾರ್ಥಿಗಳ ವಿಷಯ ಸ್ವಲ್ಪ ತೊಡಕಿನದು. ಮನೆಯಲ್ಲಿರುವ ಎಲ್ಲರೂ ಪೂರ್ಣಾವಧಿ ವಿದ್ಯಾರ್ಥಿಗಳಾಗಿದ್ದರೆ ತೆರಿಗೆಯೇ ಇಲ್ಲ. ವಿಶ್ವವಿದ್ಯಾಲಯ ಕೊಡುವ ಪ್ರಮಾಣಪತ್ರವನ್ನು ಕೌನ್ಸಿಲ್‌ಗೆ ಕಳುಹಿಸಿದರೆ ಸಾಕು, ಆದರೆ ಕಳುಹಿಸುವ ಕೆಲಸ ನಿಮ್ಮದೇ. ವಿದ್ಯಾರ್ಥಿಯೊಬ್ಬರು ಉದ್ಯೋಗಿಯೊಬ್ಬರ ಜೊತೆ ಮನೆ ಹಂಚಿಕೊಂಡರೆ, ವಿದ್ಯಾರ್ಥಿಯನ್ನು ಎಣಿಕೆಗೆ ತೆಗೆದುಕೊಳ್ಳದೆ ಒಬ್ಬರೇ ಇದ್ದಾರೆಂದು ಭಾವಿಸಿ ಶೇಕಡ 25ರ ಕಡಿತ ಕೊಡುತ್ತಾರೆ. ವಿದ್ಯಾರ್ಥಿಯ ಜೊತೆ ಇಬ್ಬರು ಉದ್ಯೋಗಿಗಳಿದ್ದರೆ ಕಡಿತವಿಲ್ಲ. ಆದರೂ ಅಂಥ ಮನೆಯಲ್ಲಿ ಬಿಲ್ಲಿಗೆ ಕಾನೂನಿನ ಪ್ರಕಾರ ಹೊಣೆಗಾರರು ಆ ಉದ್ಯೋಗಿಗಳೇ, ಸಮಾನ ಬಾಡಿಗೆದಾರನಾದ ವಿದ್ಯಾರ್ಥಿಯಲ್ಲ. ಅವನಿಂದ ಪಾಲು ಕೇಳುವುದು ಬಿಡುವುದು ಗೆಳೆಯರ ನಡುವಿನ ಒಪ್ಪಂದ.

ವಿನಾಯಿತಿಯ ಅವಧಿ ಬಾಡಿಗೆ ಕರಾರಿನದಲ್ಲ, ಕೋರ್ಸಿನದು. ಸೆಪ್ಟೆಂಬರ್ ಕೊನೆಗೆ ತರಗತಿ ಆರಂಭವಾಗುವಾಗ ಆಗಸ್ಟ್‌ನಲ್ಲಿಯೇ ಮನೆ ಹಿಡಿದರೆ ನಡುವಿನ ದಿನಗಳಿಗೆ ಬಿಲ್ಲು ಬರಬಹುದು. ಕೋರ್ಸ್ ಮುಗಿದ ದಿನಾಂಕದ ಮರುದಿನದಿಂದ, ಪದವಿ ಪ್ರದಾನ ಇನ್ನೂ ಆಗಿಲ್ಲದಿದ್ದರೂ, ಗ್ರಾಜುಯೇಟ್ ವೀಸಾದಲ್ಲಿ ಕೆಲಸ ಹುಡುಕುತ್ತಿದ್ದರೂ, ನೀವು ತೆರಿಗೆಯ ದೃಷ್ಟಿಯಲ್ಲಿ ವಿದ್ಯಾರ್ಥಿಯಲ್ಲ. ಕೈಯಲ್ಲಿ ಸಂಬಳವಿಲ್ಲದ ಆ ತಿಂಗಳುಗಳಲ್ಲಿಯೇ ಬಿಲ್ಲು ಬಂದು ಬೀಳುವುದು ಕಟುವೆನಿಸಿದರೂ ನಿಯಮ ಹಾಗಿದೆ. ಅದಕ್ಕಾಗಿ ಸ್ವಲ್ಪ ಹಣ ತೆಗೆದಿಡುವುದೊಂದೇ ದಾರಿ.

ವಿದ್ಯಾರ್ಥಿಯ ಜೊತೆಗೆ ಸಂಗಾತಿಯೂ ಬಂದಿದ್ದರೆ ಹೆಚ್ಚು ಗಮನ ಬೇಕು. 2024ರ ಜನವರಿಯಿಂದ ಈಚೆಗೆ ಸಾಮಾನ್ಯ ಸ್ನಾತಕೋತ್ತರ ಕೋರ್ಸುಗಳಿಗೆ ಸೇರುವವರು ಅವಲಂಬಿತರನ್ನು ಕರೆತರುವಂತಿಲ್ಲದ ಕಾರಣ ಇದು ಈಗ ಮುಖ್ಯವಾಗಿ ಪಿಎಚ್‌ಡಿ ಮೊದಲಾದ ಸಂಶೋಧನೆಯಲ್ಲಿ ತೊಡಗಿದವರಿಗೆ ಸಂಬಂಧಿಸಿದ ಮಾತು. ಬ್ರಿಟಿಷ್ ಪ್ರಜೆಯಲ್ಲದ ಸಂಗಾತಿಗೆ ಕೆಲಸ ಮಾಡುವ ಅನುಮತಿ ಇಲ್ಲದಿದ್ದರೆ ಮಾತ್ರವಲ್ಲ, ಸಹಾಯಧನ ಪಡೆಯುವ ಅನುಮತಿ ಇಲ್ಲದಿದ್ದರೂ ಅವರನ್ನು ಎಣಿಕೆಯಿಂದ ಬಿಡಬೇಕೆಂದು 1992ರ ನಿಯಮಾವಳಿ ಹೇಳುತ್ತದೆ. ಹಾಗಾಗಿ ಸಂಗಾತಿ ಕೆಲಸಕ್ಕೆ ಹೋಗುತ್ತಿದ್ದರೂ ಮನೆಗೆ ಪೂರ್ತಿ ವಿನಾಯಿತಿ ಸಿಗುತ್ತದೆ. ಸಂಬಳ ಬರುತ್ತಿದೆಯಲ್ಲ ಎಂದು ಕೌನ್ಸಿಲ್‌ನ ಸಿಬ್ಬಂದಿ ಮೊದಲ ಸಲಕ್ಕೆ ನಿರಾಕರಿಸಿದರೆ ಒಪ್ಪಿಕೊಂಡು ಸುಮ್ಮನಾಗಬೇಡಿ. ಸಂಗಾತಿಯ ಇ-ವೀಸಾದಲ್ಲಿ ಷರತ್ತು ಇರುವ ಪುಟವನ್ನು ಲಗತ್ತಿಸಿ ಲಿಖಿತವಾಗಿ ಕೇಳಿ. ವಿದೇಶಿ ವಿದ್ಯಾರ್ಥಿಗಳಿಗಾಗಿ ಇರುವ ಯುಕೆಸಿಸಾ ಸಂಸ್ಥೆಯ ಮಾಹಿತಿಯನ್ನೂ ಆಧಾರವಾಗಿ ತೋರಿಸಬಹುದು.

ಒಂದೊಂದು ಕೋಣೆಯನ್ನು ಬೇರೆ ಬೇರೆ ಕರಾರಿನ ಮೇಲೆ ಬಾಡಿಗೆಗೆ ಕೊಟ್ಟಿರುವ ದೊಡ್ಡ ಮನೆಗಳಲ್ಲಿ ತೆರಿಗೆಯ ಹೊಣೆ ಸಾಮಾನ್ಯವಾಗಿ ಮಾಲೀಕರದೇ. ಅಂಥಲ್ಲಿ ನಿಮ್ಮ ಹೆಸರಿಗೆ ಬಿಲ್ಲು ಬಂದರೆ ಕಟ್ಟುವ ಮುನ್ನ ವಿಚಾರಿಸಿ.

ಬ್ಯಾಂಡ್ ಬಗ್ಗೆ ಎರಡು ಮಾತು. ಎ ಇಂದ ಎಚ್ ವರೆಗಿನ ಎಂಟು ಬ್ಯಾಂಡ್‌ಗಳನ್ನು ನಿಗದಿಪಡಿಸಿರುವುದು ಮನೆಯ ಇಂದಿನ ಬೆಲೆಯಿಂದಲ್ಲ, 1991ರ ಏಪ್ರಿಲ್ 1ರಂದು ಅದಕ್ಕೆ ಇದ್ದಿರಬಹುದಾದ ಬೆಲೆಯಿಂದ. ಮೂರು ದಶಕಗಳಾಚೆಗಿನ ಆ ಅಂದಾಜು ಅಲ್ಲಲ್ಲಿ ತಪ್ಪಿರುವುದು ಸಹಜ. ನಿಮ್ಮದೇ ಬಗೆಯ ನೆರೆಮನೆಗಳೆಲ್ಲ ಕೆಳಗಿನ ಬ್ಯಾಂಡ್‌ನಲ್ಲಿದ್ದರೆ, ಹೊಸ ತೆರಿಗೆದಾರರಾದ ಆರು ತಿಂಗಳೊಳಗೆ ನೀವು ಬಾಡಿಗೆದಾರರಾಗಿದ್ದರೂ ಬ್ಯಾಂಡ್ ನಿಗದಿಪಡಿಸುವ ಸರ್ಕಾರಿ ವಿಭಾಗವಾದ ವ್ಯಾಲ್ಯುಯೇಷನ್ ಆಫೀಸ್‌ಗೆ ಆಕ್ಷೇಪ ಸಲ್ಲಿಸಬಹುದು. ಇದಕ್ಕೆ ಶುಲ್ಕವಿಲ್ಲ, ಕಮಿಷನ್ ಕೇಳುವ ಮಧ್ಯವರ್ತಿಗಳ ಅಗತ್ಯವೂ ಇಲ್ಲ. ಬ್ಯಾಂಡ್ ಇಳಿಯುವಂತೆಯೇ ಏರುವ ಸಾಧ್ಯತೆಯೂ ಇರುವುದರಿಂದ ನೆರೆಮನೆಗಳ ಬ್ಯಾಂಡ್‌ಗಳನ್ನು ಸರ್ಕಾರದ ಜಾಲತಾಣದಲ್ಲಿ ನೋಡಿಕೊಂಡೇ ಮುಂದುವರಿಯಿರಿ.

ರಿಯಾಯಿತಿಯ ಅರ್ಜಿ ಹಾಕಿದ್ದೇನೆಂದು ಕಂತು ಕಟ್ಟುವುದನ್ನು ನಿಲ್ಲಿಸುವುದು ಬಹಳ ಅಪಾಯದ ಕೆಲಸ. ಏಪ್ರಿಲ್‌ನಿಂದ ಜನವರಿಯವರೆಗೆ ಹತ್ತು ಕಂತುಗಳು ವಾಡಿಕೆಯ ಕ್ರಮ. ಕೇಳಿಕೊಂಡರೆ ಹನ್ನೆರಡಕ್ಕೆ ಹಂಚುತ್ತಾರೆ. ಬೆಂಗಳೂರಿನಲ್ಲಿ ಏಪ್ರಿಲ್‌ನಲ್ಲಿಯೇ ಪೂರ್ತಿ ಕಟ್ಟಿದರೆ ಶೇಕಡ 5ರ ರಿಯಾಯಿತಿ ಸಿಗುವ ರೂಢಿ ಇದೆ, ಇಲ್ಲಿ ಸಾಮಾನ್ಯವಾಗಿ ಹಾಗಿಲ್ಲದ್ದರಿಂದ ಒಂದೇ ಬಾರಿ ಕಟ್ಟಲು ಆತುರಪಡಬೇಕಿಲ್ಲ. ಆದರೆ ಕಂತು ತಪ್ಪಿದರೆ ಏಳು ದಿನಗಳ ಗಡುವಿನ ನೆನಪೋಲೆ ಬರುತ್ತದೆ. ಅದಕ್ಕೂ ಓಗೊಡದಿದ್ದರೆ ವರ್ಷದ ಉಳಿದ ಮೊತ್ತವನ್ನೆಲ್ಲ ಒಟ್ಟಿಗೆ ಕೇಳುತ್ತಾರೆ, ಆಮೇಲೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ಸಮನ್ಸು, ಅದರ ಖರ್ಚು, ಕೊನೆಗೆ ವಸೂಲಿಗೆ ಬರುವ ಏಜೆಂಟರು. ರಿಯಾಯಿತಿ ಮಂಜೂರಾದಾಗ ಹೆಚ್ಚಾಗಿ ಕಟ್ಟಿದ ಹಣ ಹೇಗೂ ಖಾತೆಗೆ ಜಮೆಯಾಗುತ್ತದೆ. ಅರ್ಜಿ ತಿರಸ್ಕೃತವಾದರೆ ಮೊದಲು ಕೌನ್ಸಿಲ್‌ಗೇ ಲಿಖಿತ ಆಕ್ಷೇಪ ಸಲ್ಲಿಸಬೇಕು. ಅವರ ಉತ್ತರ ಒಪ್ಪಿಗೆಯಾಗದಿದ್ದರೆ ಅಥವಾ ಎರಡು ತಿಂಗಳಲ್ಲಿ ಉತ್ತರವೇ ಬಾರದಿದ್ದರೆ ವ್ಯಾಲ್ಯುಯೇಷನ್ ಟ್ರಿಬ್ಯೂನಲ್ ಎಂಬ ನ್ಯಾಯಮಂಡಳಿಗೆ ಉಚಿತವಾಗಿ ಮೇಲ್ಮನವಿ ಹಾಕಬಹುದು.

ಮನೆ ಬದಲಿಸುವಾಗ ಬಿಟ್ಟುಹೋಗುವ ದಿನಾಂಕವನ್ನು ಹಳೆಯ ಕೌನ್ಸಿಲ್‌ಗೆ ತಿಳಿಸಿ, ಕೊನೆಯ ಲೆಕ್ಕ ಕೇಳಿ ಪಡೆಯಿರಿ. ತೆರಿಗೆ ದಿನದ ಲೆಕ್ಕದಲ್ಲಿರುವುದರಿಂದ ಹೆಚ್ಚುವರಿ ಹಣ ಹಿಂದಿರುಗಿಸುತ್ತಾರೆ. ಹಳೆಯ ಕೌನ್ಸಿಲ್ ಕೊಟ್ಟಿದ್ದ ರಿಯಾಯಿತಿ ಹೊಸದಕ್ಕೆ ತಾನಾಗಿ ವರ್ಗವಾಗುವುದಿಲ್ಲ. ಅಲ್ಲಿ ಮತ್ತೆ ಹೊಸ ಅರ್ಜಿಯನ್ನೇ ಹಾಕಬೇಕು.