ಆಗಸ್ಟ್ 1ಕ್ಕೆ ಬೋಟ್ ಇಳಿಸಬೇಕಾ? ಈಗಲೇ ಇಷ್ಟು ಮಾಡಿ

ಕಾರವಾರದ ಬೈತಖೋಲ ಬಂದರಿನಿಂದ ಭಟ್ಕಳದವರೆಗೆ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಮಳೆಗಾಲದ ಮೀನುಗಾರಿಕೆ ನಿಷೇಧ, ಬೋಟುಗಳಿಗೆ ರಜೆ. ಎಂಜಿನ್ ರಿಪೇರಿ, ಬಲೆ ಕೆಲಸ ಎಲ್ಲರೂ ಮಾಡಿಸುತ್ತಾರೆ. ಕಾಗದಪತ್ರ ಮಾತ್ರ ಕೊನೇ ವಾರಕ್ಕೆ ಉಳಿಯುತ್ತದೆ. ಆಮೇಲೆ ಬೋಟ್ ಬಂದರಿನಲ್ಲೇ ನಿಂತರೆ ಬೋಟಿನಲ್ಲಿ ದುಡಿಯುವ ಕಲಾಸಿಗಳ ಮನೆಗೂ ತೊಂದರೆ, ಅಲ್ವಾ?

ಮೊದಲು ನಿಮ್ಮ ದೋಣಿ ಯಾವ ಬಗೆ ನೋಡಿ. ಎಂಜಿನ್ ಇಲ್ಲದ ನಾಡದೋಣಿಗೂ 10 ಅಶ್ವಶಕ್ತಿವರೆಗಿನ ಎಂಜಿನ್ ದೋಣಿಗೂ ಮಳೆಗಾಲದಲ್ಲಿ ಅವಕಾಶವಿದೆ. ಬಲೆ ಎಳೆದುಕೊಂಡು ಹೋಗುವ ಟ್ರಾಲ್ ಬೋಟ್, ಮೀನಿನ ಹಿಂಡಿನ ಸುತ್ತ ಬಲೆ ಬೀಸುವ ಪರ್ಸಿನ್ ಬೋಟ್‌ಗೆ ಇಲ್ಲ. ಮೀರಿದರೆ 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆಯಡಿ ದಂಡ. ಜೊತೆಗೆ ಒಂದು ವರ್ಷದ ಡೀಸೆಲ್ ಸಬ್ಸಿಡಿಯೂ ಹೋಗುತ್ತದೆ.

ಆಮೇಲೆ ಕಾಗದ. ಬೋಟಿನ ನೋಂದಣಿ ಬೇರೆ, ಮೀನು ಹಿಡಿಯುವ ಲೈಸೆನ್ಸ್ ಬೇರೆ. ಎರಡರ ಅವಧಿಯನ್ನೂ ನೋಡಿ, ಮುಗಿಯುತ್ತಿದ್ದರೆ ಮೀನುಗಾರಿಕೆ ಇಲಾಖೆಗೆ ಈಗಲೇ ಅರ್ಜಿ ಕೊಡಿ. ಬಣ್ಣ ಹೊಡೆಸುವಾಗ ನೋಂದಣಿ ನಂಬರನ್ನು ದೂರಕ್ಕೂ ಕಾಣುವಂತೆ ದಪ್ಪಗೆ ಬರೆಸಿ.

ಮೂರನೆಯದು ಲೈಟ್, ಅಂದರೆ ರಾತ್ರಿ ಬೆಳಕು ಹಾಕಿ ಮೀನು ಹಿಡಿಯುವುದು. ದಡದಿಂದ 12 ನಾಟಿಕಲ್ ಮೈಲಿ, ಸುಮಾರು 22 ಕಿಲೋಮೀಟರ್, ರಾಜ್ಯದ ಹಿಡಿತದಲ್ಲಿದೆ. ಅದರಾಚೆ 200 ನಾಟಿಕಲ್ ಮೈಲಿವರೆಗೆ ಕೇಂದ್ರದ್ದು. ಆಳಕ್ಕೆ ಹೋದರೆ ಯಾರೂ ಕೇಳುವುದಿಲ್ಲ ಎಂಬ ಮಾತು ನಂಬಬೇಡಿ. ಎಲ್‌ಇಡಿ ಬೆಳಕಿನ ಮೀನುಗಾರಿಕೆಯನ್ನೂ ಎರಡು ಬೋಟ್ ಸೇರಿ ಎಳೆಯುವ ಬುಲ್ ಟ್ರಾಲನ್ನೂ ಕೇಂದ್ರ 2017ರ ನವೆಂಬರ್‌ನಲ್ಲೇ ನಿಷೇಧಿಸಿದೆ. ಬೆಳಕಿಗೆ ಮರಿಮೀನೂ ಬರುತ್ತದೆ. ಒಂದು ರಾತ್ರಿ ಅದನ್ನೆಲ್ಲ ಬಾಚಿದರೆ ನಾಡದೋಣಿಯವರಿಗೆ ಬಂಗಡೆ, ತಾರ್ಲೆ ಎಲ್ಲಿಂದ ಸಿಗಬೇಕು? ಜನರೇಟರ್, ಲೈಟ್ ಇದ್ದರೆ ಬಿಚ್ಚಿ ದಡದಲ್ಲೇ ಇಡಿ.

ಬಲೆಗೆ ಕಡಲಾಮೆ ಸಿಕ್ಕರೆ ಏನು ಮಾಡಬೇಕು ಎಂದು ಕಲಾಸಿಗಳಿಗೂ ಹೇಳಿಕೊಡಿ. ಅದು ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಹಿಡಿದರೂ ಕೊಂದರೂ ಜೈಲು. ರೆಕ್ಕೆಯಂಥ ಕಾಲು ಹಿಡಿದು ಎಳೆಯಬೇಡಿ, ಚಿಪ್ಪು ಹಿಡಿದು ಎತ್ತಿ. ಸಿಕ್ಕಿಕೊಂಡ ಬಲೆ ಕತ್ತರಿಸಿ. ಅಲುಗಾಡದಿದ್ದರೆ ಸತ್ತಿದೆ ಎಂದು ಸುಮ್ನೆ ಎಸೆಯಬೇಡಿ. ಹೊಟ್ಟೆ ಕೆಳಗೆ ಮಾಡಿ, ಹಿಂಬದಿಯನ್ನು ತುಸು ಎತ್ತರಿಸಿ, ನೆರಳಲ್ಲಿ ಒದ್ದೆ ಬಟ್ಟೆ ಹೊದೆಸಿ. ಮೂಗು ಮುಚ್ಚಬಾರದು. ಚೇತರಿಸಿಕೊಳ್ಳಲು ಗಂಟೆಗಟ್ಟಲೆ ಬೇಕಾಗಬಹುದು. ನೀರಿಗೆ ಬಿಡುವಾಗ ಎಂಜಿನ್ ನ್ಯೂಟ್ರಲ್‌ನಲ್ಲಿರಲಿ.

ಕಾರವಾರದವರು ಅರಗಾದ ನೌಕಾನೆಲೆಯ ನಿರ್ಬಂಧಿತ ನೀರಿನ ಗಡಿಯನ್ನು ಜಿಪಿಎಸ್‌ನಲ್ಲಿ ಗುರುತು ಹಾಕಿಸಿಕೊಳ್ಳಿ. ತಲೆಗೊಂದು ಲೈಫ್ ಜಾಕೆಟ್, ಎಲ್ಲರ ಗುರುತಿನ ಚೀಟಿ ಬೋಟಿನಲ್ಲಿರಲಿ. ಕೋಸ್ಟ್ ಗಾರ್ಡ್‌ನ 1554, ಕರಾವಳಿ ಕಾವಲು ಪೊಲೀಸರ 1093, ಈ ಎರಡೂ ನಂಬರನ್ನು ಸ್ಟಿಯರಿಂಗ್ ಹತ್ತಿರ ಪೇಂಟಿನಲ್ಲಿ ಬರೆಸಿ.