ಸೇವೆಯ ದಣಿವಿನಲ್ಲಿ ನಾನು ವಿಶ್ರಮಿಸಲು ಕಲಿತ ಬಗೆ

ಸಭಾಪಾಲಕನಾಗಿ (ಚರ್ಚಿನ ಪಾಸ್ಟರ್ ಆಗಿ) ಹಲವು ವರ್ಷ ದುಡಿದ ಮೇಲೆ, ರಾತ್ರಿಯೆಲ್ಲ ನಿದ್ರಿಸಿ ಎದ್ದರೂ ನೀಗದ ದಣಿವೊಂದು ನನ್ನಲ್ಲಿ ನೆಲೆಸಿತು. ಪ್ರಸಂಗ (ಸಭೆಯಲ್ಲಿ ಉಪದೇಶ), ಮನೆಭೇಟಿ, ರೋಗಿಗಳಿಗಾಗಿ ಪ್ರಾರ್ಥನೆ ಎಲ್ಲವೂ ನಡೆಯುತ್ತಿದ್ದವು. ಆದರೆ ಸತ್ಯವೇದವನ್ನು (ಬೈಬಲನ್ನು) ತೆರೆದಾಗಲೆಲ್ಲ ಮನಸ್ಸು ಮುಂದಿನ ಭಾನುವಾರಕ್ಕೆ ಬೇಕಾದ ವಾಕ್ಯವನ್ನೇ ಹುಡುಕುತ್ತಿತ್ತು. ಇನ್ನಷ್ಟು ಉಪವಾಸವಿದ್ದು ಪ್ರಾರ್ಥಿಸಬೇಕೆಂದು ಕೆಲವರು ಹೇಳಿದರು. (ದಣಿದವರಿಗೆ ನಾವು ಸೇವಕರು ಬಹಳ ಬೇಗ ಕೊಟ್ಟುಬಿಡುವ ಸಲಹೆ ಅದು.)

ನನಗೆ ದಾರಿ ತೋರಿಸಿದ್ದು ಸತ್ಯವೇದದ ಅರಸುಗಳು ಪ್ರಥಮ ಭಾಗದ 19ನೆಯ ಅಧ್ಯಾಯ. ಕರ್ಮೆಲ್ ಬೆಟ್ಟದಲ್ಲಿ ಬಾಳನೆಂಬ ದೇವತೆಯ ಪ್ರವಾದಿಗಳ ಮೇಲೆ ಪಡೆದ ಜಯದ ಬೆನ್ನಲ್ಲೇ ಪ್ರವಾದಿಯಾದ ಎಲೀಯನು ಅಡವಿಗೆ ಓಡಿಹೋಗಿ, ಗಿಡವೊಂದರ ಕೆಳಗೆ ಕುಳಿತು ಸಾವನ್ನು ಬೇಡಿದಾಗ, ದೇವರು ಅವನನ್ನು ಗದರಿಸದೆ ಮಲಗಲು ಬಿಟ್ಟನು, ದೂತನ ಮೂಲಕ ರೊಟ್ಟಿಯನ್ನೂ ನೀರನ್ನೂ ಕೊಟ್ಟನು, ಮತ್ತೆ ಮಲಗಲು ಬಿಟ್ಟನು. 'ಇಲ್ಲೇನು ಮಾಡುತ್ತೀ' ಎಂಬ ಪ್ರಶ್ನೆ ಬಂದದ್ದು 40 ದಿನಗಳ ನಡಿಗೆಯ ನಂತರ, ದೇವರ ಬೆಟ್ಟವೆನಿಸಿದ ಹೋರೇಬಿನಲ್ಲಿ. ಅದೇ ಕ್ರಮವನ್ನು ಅನುಸರಿಸಲು ನಿರ್ಧರಿಸಿ, ಮೊದಲು ವೈದ್ಯರನ್ನು ಕಂಡೆನು. ರಕ್ತಹೀನತೆ, ಥೈರಾಯ್ಡ್ ತೊಂದರೆಗಳೂ ಇಂಥ ಆಯಾಸವನ್ನು ತರಬಲ್ಲವು. ಆಮೇಲೆ ನಿದ್ರೆಯ ಹೊತ್ತನ್ನು ನಿಗದಿಪಡಿಸಿಕೊಂಡೆನು.

ಎರಡನೆಯದು ಹೊರೆ ಹಂಚುವುದು. ವಿಮೋಚನಕಾಂಡ 18ರಲ್ಲಿ ಇತ್ರೋನನು ತನ್ನ ಅಳಿಯನೂ ಇಸ್ರಾಯೇಲ್ಯರ ನಾಯಕನೂ ಆದ ಮೋಶೆಗೆ, ಒಬ್ಬನೇ ಎಲ್ಲವನ್ನೂ ಹೊತ್ತರೆ ಅವನೊಂದಿಗೆ ಜನರೂ ಬಳಲುವರೆಂದು ಎಚ್ಚರಿಸುತ್ತಾನೆ. ಮನೆಭೇಟಿಗಳನ್ನು ಸಭೆಯ ಹಿರಿಯರಿಗೆ ಒಪ್ಪಿಸಿದೆನು. ನನ್ನ ವಿಶ್ರಾಂತಿಯ ದಿನವಾದ ಸೋಮವಾರ ನನ್ನ ಫೋನನ್ನೂ ಅವರಲ್ಲೊಬ್ಬರು ಇಟ್ಟುಕೊಂಡು, ಸಾವು ಅಥವಾ ಗಂಭೀರ ಕಾಯಿಲೆಯಿದ್ದರೆ ಮಾತ್ರ ನನಗೆ ತಿಳಿಸುತ್ತಾರೆ. ಸಭಾಪಾಲಕರೇ ಬರಬೇಕೆನ್ನುವವರು ಆಗಲೂ ಇದ್ದರು, ಈಗಲೂ ಇದ್ದಾರೆ.

ಎಲ್ಲಕ್ಕಿಂತ ಕಷ್ಟವಾದದ್ದು ದೇವರ ಮುಂದೆ ಸುಮ್ಮನೆ ಕುಳಿತಿರುವುದು. ಪೆನ್ನು, ಪುಸ್ತಕಗಳನ್ನು ದೂರವಿಟ್ಟು ಸತ್ಯವೇದದಿಂದ ದಿನಕ್ಕೊಂದು ಕೀರ್ತನೆಯನ್ನು ಗಟ್ಟಿಯಾಗಿ ಓದುತ್ತಿದ್ದೆನು. ಮೊದಮೊದಲು ತೂಕಡಿಕೆ ಬರುತ್ತಿತ್ತು. ಇಲ್ಲದಿದ್ದರೆ ಪ್ರಸಂಗದ ಮೂರು ಅಂಶಗಳು ತಾವಾಗಿಯೇ ಸಾಲುಗಟ್ಟುತ್ತಿದ್ದವು! ಅದಕ್ಕೆ ಬೇಸರಪಡದೆ ಮುಂದುವರಿಸಿದಂತೆ, ವಾಕ್ಯವು ಮತ್ತೆ ನನಗೇ ಹೇಳಿದ ಮಾತಾಗತೊಡಗಿತು. ಮಲಗುವ ಮೊದಲು, ಯಾರ ಚಿಂತೆ ಎದೆಯನ್ನು ಒತ್ತುತ್ತಿದೆಯೋ ಅವರ ಹೆಸರನ್ನು ಹೇಳಿ, 'ಕರ್ತನೇ, ಇವರು ನಿನ್ನವರು' ಎಂದು ಒಪ್ಪಿಸಿಬಿಡುತ್ತೇನೆ. ಮತ್ತಾಯ 11ರಲ್ಲಿ ಯೇಸು ಹೊರೆಹೊತ್ತವರನ್ನು ವಿಶ್ರಾಂತಿಗೆ ಕರೆಯುತ್ತಲೇ ತನ್ನ ನೊಗವನ್ನೂ ಹೊರಲು ಹೇಳುವುದರಿಂದ, ಸೇವೆಯನ್ನು ಬಿಡುವ ಯೋಚನೆ ನನಗೆ ಬೇಕಾಗಲಿಲ್ಲ.

ಸೋಮವಾರಗಳು ಕೆಲವೊಮ್ಮೆ ಕೈತಪ್ಪುತ್ತವೆ. ಮಾರ್ಕ 6ರಲ್ಲಿ ದಣುವಾರಿಸಿಕೊಳ್ಳಲು ಏಕಾಂತ ಸ್ಥಳಕ್ಕೆ ಹೊರಟ ಶಿಷ್ಯರಿಗಿಂತ ಮೊದಲೇ ಜನಸಮೂಹ ಅಲ್ಲಿಗೆ ತಲುಪಿತ್ತು. ಯೇಸು ಅವರನ್ನು ಕನಿಕರಿಸಿ, ಬೋಧಿಸಿ, ಉಣಿಸಿ ಕಳುಹಿಸಿದ ಮೇಲೆ ಪ್ರಾರ್ಥಿಸಲು ಬೆಟ್ಟಕ್ಕೆ ಹೋದನು. ಆದ್ದರಿಂದ ಶವಸಂಸ್ಕಾರವೋ ಮತ್ತಾವುದೋ ತುರ್ತು ಕೆಲಸವೋ ಆ ದಿನವನ್ನು ತೆಗೆದುಕೊಂಡರೆ, ಅದೇ ವಾರದಲ್ಲಿ ಇನ್ನೊಂದು ದಿನವನ್ನು ಗುರುತುಮಾಡಿ ಹಿರಿಯರಿಗೆ ತಿಳಿಸಿಬಿಡುತ್ತೇನೆ.