600 ರೂಪಾಯಿಯಲ್ಲಿ ಜೀಪಿನ ಹೌಸಿಂಗಿಗೆ ನೀರು ನುಗ್ಗುವುದು ನಿಂತಿತು

ಈ ಸಲ ಮಳೆಗಾಲ ಮುಗಿದ ಮೇಲೆ ಜೀಪಿನ ಹಿಂದಿನ ಹೌಸಿಂಗಿನ (ಎರಡು ಚಕ್ರಗಳ ನಡುವಿನ, ಗೇರ್ ಆಯಿಲ್ ತುಂಬಿದ ಆಕ್ಸಲ್ ಗೂಡು) ಡ್ರೈನ್ ಬೋಲ್ಟ್ ಬಿಚ್ಚಿದೆ. ಬಂದದ್ದು ಬರೀ ಆಯಿಲ್. ಮೂರು ವರ್ಷ ಅಲ್ಲಿಂದ ಬರುತ್ತಿದ್ದದ್ದು ಹಾಲು ಜಾಸ್ತಿಯಾದ ಕಾಫಿ, ಅಂದರೆ ನೀರು ಬೆರೆತ ಆಯಿಲ್.

ನಮ್ಮ ತೋಟ ಇರುವುದು ಸಕಲೇಶಪುರದಿಂದ ಬಿಸಿಲೆ ಕಡೆಗೆ. ದಾರಿಯಲ್ಲೊಂದು ಹಳ್ಳ, ಮೋರಿ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಕ್ಕೆ ನಾಲ್ಕು ಸಲ ನಮ್ಮ ಹಳೇ ಮಹೀಂದ್ರ ಎಂಎಂ540 ಜೀಪು ಚಕ್ರದ ಹಬ್ ಮುಳುಗುವಷ್ಟು ನೀರಿಗೆ ಇಳಿಯಲೇಬೇಕು. "ಸೀಲ್ ಹೋಗಿದೆ ಸಾರ್" ಅಂದ ಮೆಕ್ಯಾನಿಕ್. ಮೂರು ಸಲ ಸೀಲ್ (ಶಾಫ್ಟ್ ಸುತ್ತ ಆಯಿಲ್ ತಡೆಯುವ ರಬ್ಬರ್ ಬಳೆ) ಹಾಕಿಸಿದೆ. ಕೊನೆಗೆ ಬೇರಿಂಗ್ ತುಕ್ಕು ಹಿಡಿದು ಒಳಗಿನ ಹಲ್ಲುಚಕ್ರದ ಜೋಡಿ, ಕ್ರೌನ್ ಪಿನಿಯನ್, ಕೂಗತೊಡಗಿತು. ಸೆಟ್ಟು, ಬೇರಿಂಗ್, ಕೂಲಿ ಸೇರಿ 18 ಸಾವಿರದ ಹತ್ತಿರ. ಆ ವರ್ಷದ ಮೆಣಸಿನ ದುಡ್ಡು ಅಲ್ಲಿಗೇ ಹೋಯಿತು.

ತಪ್ಪು ಸೀಲಿನದಲ್ಲ. ಓಡಿ ಕಾದ ಹೌಸಿಂಗ್ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ. ಹೌಸಿಂಗಿಗೆ ಗಾಳಿಯಾಡಲು ಇರುವ ಸಣ್ಣ ಬಾಯಿ, ಬ್ರೀದರ್, ಕೆಸರು ಮೆತ್ತಿ ಕಟ್ಟಿದ್ದರೆ ಒಳ್ಳೇ ಸೀಲೂ ಸೋಲುತ್ತದೆ.

ಮೊದಲು ಬುದ್ಧಿವಂತಿಕೆ ಮಾಡಿ ಬ್ರೀದರಿಗೇ ಎಂ-ಸೀಲ್ ಮೆತ್ತಿದೆ. ಒಳಗೆ ಒತ್ತಡ ಏರಿ ಆಯಿಲ್ ಸೀಲ್ ದಾಟಿ ಬ್ರೇಕ್ ಶೂ ಮೇಲೆ ಹರಿಯಿತು. ಅದು ಗೊತ್ತಾದದ್ದು ಶಿರಾಡಿ ಘಾಟಿ ಇಳಿಯುವಾಗ. ಆಮೇಲೆ ಗಾಳಿಯಾಡುವ ಬಾಯಿ ನೀರಿಗಿಂತ ಮೇಲಿರಲಿ ಅಂತ ಬ್ರೀದರಿಗೆ ಮೆಡಿಕಲ್ ಶಾಪಿನ ಡ್ರಿಪ್ ಪೈಪ್ ಸಿಕ್ಕಿಸಿದೆ. "ಏನ್ ಗೌಡ್ರೇ, ಜೀಪಿಗೆ ಗ್ಲೂಕೋಸ್ ಹಾಕ್ಸಿದೀರಾ?" ಅಂತ ಪಕ್ಕದ ತೋಟದವರು ನಕ್ಕರು. ಬಿಸಿಗೆ ಅದು ಮೆತ್ತಗಾಗಿ ಮಡಚಿಕೊಂಡಿತು. ಸುಮ್ನೆ ನೋಡೋಣ ಅಂತ ಮಗನ ಫುಟ್‌ಬಾಲಿನ ಬ್ಲಾಡರ್ ಕೂಡ ಕಟ್ಟಿದ್ದೆ. ಬಿಸಿಯಾದಾಗ ಉಬ್ಬುವುದು, ನೀರಿಗಿಳಿದಾಗ ಇಳಿಯುವುದು, ನೋಡೋಕೆ ಚೆಂದ! ಒಂದು ತಿಂಗಳು ನಡೆಯಿತು. ಶೆಡ್ಡಿನಲ್ಲಿ ಇಲಿ ಕಡಿಯದಿದ್ದರೆ ಈಗಲೂ ಇರುತ್ತಿತ್ತೇನೋ.

ಗೆದ್ದದ್ದು ಮಾಮೂಲಿ ಡೀಸೆಲ್ ಪೈಪ್, 8 ಎಂಎಂದು. ಬ್ರೀದರ್ ಬಿಚ್ಚಿ ಆ ಜಾಗಕ್ಕೆ ಹಾಸನದ ಲೇತಿನಲ್ಲಿ ಪೈಪ್ ಸಿಕ್ಕಿಸುವ ನಿಪ್ಪಲ್ ಮಾಡಿಸಿದೆ. ಹಿಂದಿನ ಹೌಸಿಂಗಿನ ಪೈಪ್ ಟೇಲ್ ಲ್ಯಾಂಪ್ ಹಿಂದಕ್ಕೆ, ಮುಂದಿನ ಹೌಸಿಂಗಿನದು ಬಾನೆಟ್ ಒಳಗೆ ಎತ್ತರಕ್ಕೆ. ತುದಿಗೆ ಬೈಕಿನ ಪೆಟ್ರೋಲ್ ಫಿಲ್ಟರ್, ಬಾಯಿ ಕೆಳಗೆ. ಪೈಪ್ ಎರಡೂ ಸೇರಿ ಐದೂವರೆ ಮೀಟರ್ ಇರಬಹುದು. ಒಟ್ಟು ಖರ್ಚು ಆರುನೂರರ ಆಸುಪಾಸು.

ಅದೂ ಒಂದೇ ಸಲಕ್ಕೆ ಆಗಲಿಲ್ಲ. ಹಿಂದಿನ ಚಕ್ರ ಗುಂಡಿಗೆ ಇಳಿದಾಗ ಪೈಪ್ ಕಿತ್ತುಬಂತು. ಚಾಸಿಸ್‌ಗೆ ಜಾಕ್ ಕೊಟ್ಟು ಚಕ್ರ ಪೂರ್ತಿ ಜೋತುಬಿದ್ದ ಮೇಲೆ ಅಳೆಯಬೇಕು. ಹಾಗಂತ ನಡುವೆ ಜೋಲಿ ಬಿಡಬಾರದು, ಆಯಿಲ್ ನಿಂತು ಪೈಪ್ ಕಟ್ಟಿಕೊಳ್ಳುತ್ತದೆ.

ಇನ್ನು ಪರೀಕ್ಷೆ. ಪೈಪಿನ ತುದಿಯಿಂದ ಸೈಕಲ್ ಪಂಪಿನಲ್ಲಿ ಮೆಲ್ಲಗೆ ಗಾಳಿ ಕೊಟ್ಟು ಸೀಲುಗಳಿಗೆ ಸೋಪಿನ ನೊರೆ ಹಚ್ಚಿ. ಜೋರು ಮಾಡಿದರೆ ಸೀಲೇ ಹೋಗುತ್ತದೆ. ನನ್ನದರಲ್ಲಿ ಎಡಗಡೆ ಹಬ್ಬಿನಲ್ಲಿ ಗುಳ್ಳೆ ಬಂತು. ಶಾಫ್ಟ್ ಸವೆದು ಗೀರು ಬಿದ್ದಿತ್ತು. ಶಾಫ್ಟ್ ಬದಲಾಯಿಸದೆ ಅಲ್ಲಿ ಸೀಲ್ ಹೇಗೆ ಕೂರಿಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ. ತೋಟಕ್ಕೆ ಬಂದರೆ ಕಾಫಿ ಕೊಟ್ಟು ತೋರಿಸುತ್ತೇನೆ.

ನೀರು ಬಂದಿದೆಯಾ ಅಂತ ನೋಡೋಕೆ ಆಯಿಲ್ ಪೂರ್ತಿ ಇಳಿಸಬೇಕಾಗಿಲ್ಲ. ರಾತ್ರಿಯೆಲ್ಲ ಗಾಡಿ ನಿಂತಿರಲಿ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಡ್ರೈನ್ ಬೋಲ್ಟ್ ಸ್ವಲ್ಪ ಸಡಿಲಿಸಿ. ತಳಕ್ಕೆ ಇಳಿದ ನೀರಿದ್ದರೆ ಅದೇ ಮೊದಲು ತೊಟ್ಟಿಕ್ಕುತ್ತದೆ.

"ಪೈಪಿಂದ ಏನಾಗುತ್ತೆ ಸಾರ್" ಅಂದಿದ್ದ ಅದೇ ಮೆಕ್ಯಾನಿಕ್ ಹೋದ ತಿಂಗಳು ಬಂದು ಜೀಪಿನಡಿ ಮಲಗಿ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡ. ಈಗ ಬೇರೆಯವರ ಗಾಡಿಗೆ ಹಾಕಿಕೊಡುತ್ತಾನಂತೆ, 1,500 ರೂಪಾಯಿಗೆ.